ಕಾರಿಲ್ಲದೆ ಇಲಿನಾಯ್ ಸುತ್ತುವುದು ಹೇಗೆ: ರೈಲು ಹತ್ತುವವರಿಗೆ ಹಂತ ಹಂತವಾಗಿ

ಆಗಸ್ಟ್ ಬಂತೆಂದರೆ ಒಂದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತದೆ. ಮಗ ಅರ್ಬಾನಾ-ಶಾಂಪೇನ್‌ನಲ್ಲಿ ಎಂ.ಎಸ್. ಸೇರಿದ್ದಾನೆ, ಶಿಕಾಗೋದಿಂದ ಅಲ್ಲಿಗೆ ರೈಲು ಇದೆಯಾ? ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ನಮಗೆ ರಜೆ ಇಲ್ಲ, ಅವರಿಬ್ಬರೇ ಹೋಗಿ ಲಿಂಕನ್ ಮನೆ ನೋಡಿಕೊಂಡು ಬರಬಹುದಾ? ಬ್ಲೂಮಿಂಗ್ಟನ್‌ನಲ್ಲಿ ಕೆಲಸ ಸಿಕ್ಕಿದೆ, ಡ್ರೈವಿಂಗ್ ಲೈಸೆನ್ಸ್ ಇನ್ನೂ ಆಗಿಲ್ಲ, ವಾರಾಂತ್ಯಕ್ಕೆ ಶಿಕಾಗೋಗೆ ಬರೋದು ಹೇಗೆ? ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುವ ಬದಲು ಎಲ್ಲ ಇಲ್ಲೇ ಹಾಕಿದ್ದೇನೆ.

ರೈಲು ಇದೆ, ಮೂವರೂ ಹೋಗಬಹುದು. ಆದರೆ ನಮ್ಮೂರಿನ ರೈಲಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮೊದಲ ಹಂತ ಓದದೆ ನೇರ ಟಿಕೆಟ್ ವಿಷಯಕ್ಕೆ ಹಾರಬೇಡಿ. ಜಾಸ್ತಿ ಜನ ಎಡವುವುದು ಅಲ್ಲೇ.

1. ಮೊದಲು ನಕ್ಷೆ ತಲೆಯಲ್ಲಿ ಕೂರಲಿ

ಎಡಗೈಯನ್ನು ಬೆರಳುಗಳು ಕೆಳಗೆ ಬರುವಂತೆ ಚಾಚಿ. ಮಣಿಕಟ್ಟು ಶಿಕಾಗೋ. ಅಲ್ಲಿಂದ ಮೂರು ಬೆರಳು ರಾಜ್ಯದೊಳಗೆ ಇಳಿಯುತ್ತವೆ. ಒಂದು ಪಶ್ಚಿಮಕ್ಕೆ ಗೇಲ್ಸ್‌ಬರ್ಗ್ ದಾಟಿ ಕ್ವಿನ್ಸಿಗೆ. ಇನ್ನೊಂದು ನೈಋತ್ಯಕ್ಕೆ ಬ್ಲೂಮಿಂಗ್ಟನ್-ನಾರ್ಮಲ್, ಸ್ಪ್ರಿಂಗ್‌ಫೀಲ್ಡ್ ದಾಟಿ ಪಕ್ಕದ ರಾಜ್ಯದ ಸೇಂಟ್ ಲೂಯಿಸ್‌ಗೆ. ಮೂರನೆಯದು ನೇರ ದಕ್ಷಿಣಕ್ಕೆ, ಶಾಂಪೇನ್ ದಾಟಿ ಕಾರ್ಬನ್‌ಡೇಲ್‌ಗೆ. ಈ ಮೂರರಲ್ಲೂ ಓಡುವುದು ಆಮ್‌ಟ್ರ್ಯಾಕ್, ಅಂದರೆ 1971ರಲ್ಲಿ ಶುರುವಾದ ದೇಶದ ಪ್ರಯಾಣಿಕರ ರೈಲು ಸಂಸ್ಥೆ. ರಾಜ್ಯದೊಳಗಿನ ರೈಲುಗಳಿಗೆ ಇಲಿನಾಯ್ ಸಾರಿಗೆ ಇಲಾಖೆ ದುಡ್ಡು ಕೊಡುತ್ತದೆ.

ಬೆರಳಿಂದ ಬೆರಳಿಗೆ ಹಾರುವ ಹಾಗಿಲ್ಲ. ಇದನ್ನು ಮರೆಯಬೇಡಿ. ಶಾಂಪೇನ್‌ನಿಂದ ಸ್ಪ್ರಿಂಗ್‌ಫೀಲ್ಡ್‌ಗೆ ಕಾರಿನಲ್ಲಿ ಒಂದೂವರೆ ಗಂಟೆ. ರೈಲಿನಲ್ಲೇ ಹೋಗುತ್ತೇನೆ ಅಂದರೆ 129 ಮೈಲಿ ಮೇಲಕ್ಕೆ ಶಿಕಾಗೋಗೆ ಹೋಗಿ, ಅಲ್ಲಿ ಕಾದು, ಮತ್ತೆ 185 ಮೈಲಿ ಕೆಳಗೆ ಬರಬೇಕು. ಶಿವಮೊಗ್ಗದಿಂದ ಚಿತ್ರದುರ್ಗಕ್ಕೆ ಹೊರಟವರು ಬೆಂಗಳೂರು ಮುಟ್ಟಿ ಬಂದ ಹಾಗೆ. ಅಂಥ ಕಡೆ ಬಸ್ ನೋಡಿ, ಇಲ್ಲವೇ ಯಾರದಾದರೂ ಕಾರಿಗೆ ಜೊತೆಯಾಗಿ.

ಇನ್ನೊಂದು. ಪಿಯೋರಿಯಾ, ರಾಕ್‌ಫರ್ಡ್, ಡೆಕೇಟರ್, ಮೋಲೀನ್ ಎಲ್ಲ ದೊಡ್ಡ ಊರುಗಳೇ, ಆದರೆ ಅಲ್ಲಿಗೆ ಆಮ್‌ಟ್ರ್ಯಾಕ್ ರೈಲು ಇಲ್ಲ. ಆ್ಯಪ್‌ನಲ್ಲಿ ಹುಡುಕಿ ಹುಡುಕಿ ಸಿಗಲಿಲ್ಲ ಅಂತ ತಲೆ ಕೆಡಿಸಿಕೊಳ್ಳಬೇಡಿ.

2. ನಿಮ್ಮ ಬೆರಳು ಯಾವುದು, ರೈಲು ಯಾವುದು

ಇಲ್ಲಿ ರೈಲಿಗೆ ನಂಬರ್ ಜೊತೆ ಹೆಸರೂ ಇದೆ. ಸೇಂಟ್ ಲೂಯಿಸ್ ದಾರಿಯದ್ದು ಲಿಂಕನ್ ಸರ್ವೀಸ್. ಮೂರರಲ್ಲಿ ಅನುಕೂಲ ಇದರಲ್ಲೇ ಹೆಚ್ಚು. ದಿನಕ್ಕೆ ನಾಲ್ಕು ಹೋಗುತ್ತವೆ, ನಾಲ್ಕು ಬರುತ್ತವೆ, ಅದರ ಮೇಲೆ ಟೆಕ್ಸಸ್ ಈಗಲ್ ಎಂಬ ದೂರದ ರೈಲೂ ಇದೇ ಹಳಿಯಲ್ಲಿ ಓಡುತ್ತದೆ. 2023ರಿಂದ ಈ ದಾರಿಯಲ್ಲಿ ಗಂಟೆಗೆ 110 ಮೈಲಿ, ಅಂದರೆ 177 ಕಿ.ಮೀ. ವೇಗದವರೆಗೆ ಓಡಿಸುತ್ತಾರೆ. ಕಿಟಕಿಯಾಚೆ ಹಳೆಯ ರೂಟ್ 66 ರಸ್ತೆ ಎಷ್ಟೋ ದೂರ ಪಕ್ಕಪಕ್ಕದಲ್ಲೇ ಬರುತ್ತದೆ, ಅದರ ಕಾರುಗಳು ಹಿಂದೆ ಬೀಳುವುದನ್ನು ನೋಡುವುದು ಒಂದು ಮಜ.

ಶಾಂಪೇನ್-ಕಾರ್ಬನ್‌ಡೇಲ್ ದಾರಿಯಲ್ಲಿ ಇಲೈನೈ ಮತ್ತು ಸಲೂಕಿ. ಎರಡೂ ಅಲ್ಲಿನ ವಿಶ್ವವಿದ್ಯಾಲಯಗಳ ತಂಡದ ಹೆಸರು. ಸಲೂಕಿ ಒಂದು ಬೇಟೆನಾಯಿಯ ತಳಿ, ಕಾರ್ಬನ್‌ಡೇಲ್‌ನ ಸದರ್ನ್ ಇಲಿನಾಯ್ ವಿಶ್ವವಿದ್ಯಾಲಯದ ಗುರುತು. ಶಿಕಾಗೋದಿಂದ ಬೆಳಗ್ಗೆ ಸಲೂಕಿ, ಸಂಜೆ ಮುಂಚೆ ಇಲೈನೈ. ರಾತ್ರಿ ಎಂಟರ ಸುಮಾರಿಗೆ ಸಿಟಿ ಆಫ್ ನ್ಯೂ ಆರ್ಲಿಯನ್ಸ್ ಎಂಬ ದೂರದ ರೈಲೂ ಇದೆ, ಆದರೆ ಅದು ಶಾಂಪೇನ್ ಮುಟ್ಟುವಷ್ಟರಲ್ಲಿ ರಾತ್ರಿ ಹತ್ತು ದಾಟಿರುತ್ತದೆ. ಹೊಸಬರು ಅದನ್ನು ಕೊನೆಯ ಆಯ್ಕೆಯಾಗಿ ಇಟ್ಟುಕೊಳ್ಳಿ.

ಕ್ವಿನ್ಸಿ ದಾರಿಯಲ್ಲಿ ಇಲಿನಾಯ್ ಜೆಫರ್ ಮತ್ತು ಕಾರ್ಲ್ ಸ್ಯಾಂಡ್‌ಬರ್ಗ್. ಎರಡನೆಯದು ಕವಿಯ ಹೆಸರು. ಅವರು 1878ರಲ್ಲಿ ಹುಟ್ಟಿದ ಪುಟ್ಟ ಮನೆ ಗೇಲ್ಸ್‌ಬರ್ಗ್ ನಿಲ್ದಾಣದಿಂದ ನಡೆಯುವ ದೂರದಲ್ಲಿದೆ. ಕವಿಯ ಹೆಸರಿನ ರೈಲಿನಲ್ಲಿ ಹೋಗಿ ಕವಿಯ ಮನೆಗೇ ಇಳಿಯುವುದು ಚೆಂದ ಅಲ್ವಾ?

ಉಪನಗರದಲ್ಲಿರುವವರು ಗಮನಿಸಿ. ನೀವು ಶಿಕಾಗೋ ನಡುಪೇಟೆಗೆ ಹೋಗಿ ಮತ್ತೆ ಮನೆ ದಾಟಿಕೊಂಡೇ ಬರುವ ಅಗತ್ಯವಿಲ್ಲ. ನೇಪರ್‌ವಿಲ್‌ನಲ್ಲಿ ಕ್ವಿನ್ಸಿ ರೈಲು ನಿಲ್ಲುತ್ತದೆ. ಜೋಲಿಯಟ್‌ನಲ್ಲಿ ಲಿಂಕನ್ ಸರ್ವೀಸ್, ಹೋಮ್‌ವುಡ್‌ನಲ್ಲಿ ಶಾಂಪೇನ್ ರೈಲು. ಅಲ್ಲೇ ಹತ್ತಿ.

3. ಟಿಕೆಟ್

ಆಮ್‌ಟ್ರ್ಯಾಕ್ ಆ್ಯಪ್ ಹಾಕಿಕೊಳ್ಳಿ. ವೇಟಿಂಗ್ ಲಿಸ್ಟ್, ಆರ್‌ಎಸಿ, ತತ್ಕಾಲ್ ಯಾವುದೂ ಇಲ್ಲ. ಸೀಟಿದ್ದರೆ ಟಿಕೆಟ್ ಸಿಗುತ್ತದೆ, ಇಲ್ಲದಿದ್ದರೆ ಇಲ್ಲ. ದರ ಮಾತ್ರ ವಿಮಾನದ ಹಾಗೆ, ಸೀಟು ತುಂಬುತ್ತಾ ಹೋದಂತೆ ಏರುತ್ತದೆ. ಥ್ಯಾಂಕ್ಸ್‌ಗಿವಿಂಗ್ ವಾರ, ಕಾಲೇಜು ರಜೆ ಬಿಡುವ ಶುಕ್ರವಾರ, ಮುಗಿಯುವ ಭಾನುವಾರ, ಇವಕ್ಕೆ ಹಿಂದಿನ ದಿನ ನೋಡಿದರೆ ಕೈ ಸುಡುತ್ತದೆ.

ಹುಡುಕುವಾಗ ಊರಿನ ಹೆಸರಿನ ಬಲೆ. ಸ್ಪ್ರಿಂಗ್‌ಫೀಲ್ಡ್ ಎಂದು ಒತ್ತಿದರೆ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಕೂಡ ಬರುತ್ತದೆ, ಅದರ ಕೋಡ್ ಎಸ್‌ಪಿಜಿ. ನಮಗೆ ಬೇಕಾದ್ದು ಎಸ್‌ಪಿಐ. ಲಿಂಕನ್ ಎಂಬ ನಿಲ್ದಾಣ ಇಲಿನಾಯ್‌ನಲ್ಲೂ ಇದೆ, ನೆಬ್ರಾಸ್ಕದಲ್ಲೂ ಇದೆ. ಇಲಿನಾಯ್‌ನದು ಎಲ್‌ಸಿಎನ್. ಶಾಂಪೇನ್ ಸಿಎಚ್‌ಎಂ, ಬ್ಲೂಮಿಂಗ್ಟನ್-ನಾರ್ಮಲ್ ಬಿಎನ್‌ಎಲ್, ಕಾರ್ಬನ್‌ಡೇಲ್ ಸಿಡಿಎಲ್, ಶಿಕಾಗೋ ಸಿಎಚ್‌ಐ. ದುಡ್ಡು ಕಟ್ಟುವ ಮುಂಚೆ ಈ ಮೂರಕ್ಷರ ನೋಡಿ.

ರಾಜ್ಯದೊಳಗೆ ಎರಡು ದರ್ಜೆ. ಕೋಚ್ ಅಂದರೆ ಮಾಮೂಲಿ. ಬಿಸಿನೆಸ್ ಕ್ಲಾಸ್‌ನಲ್ಲಿ ಜಾಗ ಸ್ವಲ್ಪ ಹೆಚ್ಚು. ಎರಡು ಮೂರು ಗಂಟೆಯ ದಾರಿಗೆ ಕೋಚ್ ಧಾರಾಳ ಸಾಕು, ಕಾಲು ಚಾಚಿ ಕೂರಬಹುದು. ಬರ್ತ್ ಹುಡುಕಬೇಡಿ, ಈ ರೈಲುಗಳಲ್ಲಿ ಮಲಗುವ ಬೋಗಿ ಇಲ್ಲ.

ಎರಡರಿಂದ 12 ವರ್ಷದ ಮಕ್ಕಳಿಗೆ ದೊಡ್ಡವರ ಜೊತೆ ಅರ್ಧ ದರ. 65 ದಾಟಿದವರಿಗೆ ಹೆಚ್ಚಿನ ರೈಲುಗಳಲ್ಲಿ 10% ರಿಯಾಯಿತಿ ಇದೆ, ಅದಕ್ಕೆ ಅಮೆರಿಕದ ಪ್ರಜೆಯಾಗಿರಬೇಕು ಅಂತೇನಿಲ್ಲ. ಆದರೆ ಹುಡುಕುವಾಗಲೇ ಹಿರಿಯರು ಎಂದು ಆರಿಸಬೇಕು, ಆಮೇಲೆ ಕೇಳಿದರೆ ಆಗದು. 16 ತುಂಬದ ಮಕ್ಕಳನ್ನು ಒಬ್ಬೊಬ್ಬರೇ ಕಳಿಸುವುದಕ್ಕೆ ಬೇರೆ ನಿಯಮಗಳಿವೆ, ಸುಮ್ನೆ ಟಿಕೆಟ್ ತೆಗೆದು ಹತ್ತಿಸಬೇಡಿ.

ಈಗ ದೊಡ್ಡ ಎಚ್ಚರಿಕೆ. ಹೋಗಿ ಬರುವ ಟಿಕೆಟ್ ಒಟ್ಟಿಗೆ ತೆಗೆದಿದ್ದೀರಿ. ಹೋಗುವಾಗ ಸ್ನೇಹಿತರ ಕಾರು ಸಿಕ್ಕಿತು, ರೈಲು ಬಿಟ್ಟಿರಿ, ಬರುವಾಗ ರೈಲಿನಲ್ಲಿ ಬಂದರಾಯಿತು ಅಂದುಕೊಂಡಿರಿ. ಆಗುವುದಿಲ್ಲ. ಹೇಳದೆ ಕೇಳದೆ ಮೊದಲ ರೈಲು ಹತ್ತದಿದ್ದರೆ ಅದೇ ಬುಕಿಂಗ್‌ನ ವಾಪಸ್ಸು ಸೀಟೂ ರದ್ದಾಗುತ್ತದೆ. ರೈಲು ಹೊರಡುವ ಮುಂಚೆಯೇ ಆ್ಯಪ್‌ನಲ್ಲಿ ಆ ಒಂದು ಪ್ರಯಾಣ ಮಾತ್ರ ತೆಗೆದುಬಿಡಿ. ನಾನೇ ಒಮ್ಮೆ ಇದು ಗೊತ್ತಿಲ್ಲದೆ ಭಾನುವಾರ ಸಂಜೆ ಡಬಲ್ ದುಡ್ಡು ಕೊಟ್ಟು ಹೊಸ ಟಿಕೆಟ್ ತೆಗೆದಿದ್ದೇನೆ.

ಒಂದು ರೈಲಿನಿಂದ ಇನ್ನೊಂದಕ್ಕೆ ಬದಲಿಸುವುದಿದ್ದರೆ ಇದಕ್ಕೆ ಉಲ್ಟಾ ಲೆಕ್ಕ. ಎರಡನ್ನೂ ಒಂದೇ ಬುಕಿಂಗ್‌ನಲ್ಲಿ ತೆಗೆಯಿರಿ. ಆಗ ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವ್ಯವಸ್ಥೆ ಅವರ ತಲೆನೋವು. ಬೇರೆ ಬೇರೆ ತೆಗೆದರೆ ನಿಮ್ಮದು.

4. ಯೂನಿಯನ್ ಸ್ಟೇಷನ್ ಮುಟ್ಟುವುದು

ಶಿಕಾಗೋದಲ್ಲಿ ರೈಲು ನಿಲ್ದಾಣಗಳು ಹಲವು. ಆಮ್‌ಟ್ರ್ಯಾಕ್ ಹೊರಡುವುದು ಯೂನಿಯನ್ ಸ್ಟೇಷನ್‌ನಿಂದ ಮಾತ್ರ. ಆಡಮ್ಸ್ ಮತ್ತು ಜ್ಯಾಕ್ಸನ್ ರಸ್ತೆಗಳ ನಡುವೆ, ಕನಾಲ್ ರಸ್ತೆಯಲ್ಲಿದೆ. ಮೆಟ್ರಾ ಅಂದರೆ ಉಪನಗರದ ಲೋಕಲ್ ರೈಲು. ಅದರ ಕೆಲವು ಮಾರ್ಗಗಳು ಇಲ್ಲಿಗೆ ಬರುತ್ತವೆ, ಕೆಲವು ಒಗಿಲ್ವಿ, ಲಸಾಲ್, ಮಿಲೇನಿಯಂ ಎಂಬ ಬೇರೆ ನಿಲ್ದಾಣಗಳಿಗೆ ಹೋಗುತ್ತವೆ. ಮೆಟ್ರಾದಲ್ಲಿ ಬರುವವರು ತಮ್ಮ ರೈಲು ಎಲ್ಲಿ ಇಳಿಸುತ್ತದೆ ಅಂತ ನೋಡಿಕೊಂಡು ನಡೆಯುವ ಹೊತ್ತು ಸೇರಿಸಿಕೊಳ್ಳಿ. ಮತ್ತೆ, ಮೆಟ್ರಾ ಟಿಕೆಟ್ ಆಮ್‌ಟ್ರ್ಯಾಕ್‌ನಲ್ಲಿ ನಡೆಯುವುದಿಲ್ಲ, ಇದರದ್ದು ಅದರಲ್ಲಿ ನಡೆಯುವುದಿಲ್ಲ. ನೇಪರ್‌ವಿಲ್‌ನಲ್ಲಿ ಎರಡೂ ಒಂದೇ ಕಡೆ ನಿಲ್ಲುವುದರಿಂದ ಈ ಗೊಂದಲ ಜಾಸ್ತಿ. ಮೆಟ್ರಾಗೂ ನಗರದ ರೈಲಿಗೂ ವೆಂಟ್ರಾ ಎಂಬ ಬೇರೆಯದೇ ಆ್ಯಪ್.

ಓಹೇರ್ ವಿಮಾನ ನಿಲ್ದಾಣದಿಂದ ನಗರದ ರೈಲಿನ ಬ್ಲೂ ಲೈನ್ ಹಿಡಿದು ಕ್ಲಿಂಟನ್‌ನಲ್ಲಿ ಇಳಿದರೆ ಯೂನಿಯನ್ ಸ್ಟೇಷನ್ ಎರಡು ಹೆಜ್ಜೆ. ಆದರೆ ಆ ಕ್ಲಿಂಟನ್ ನೆಲದಡಿಯ ನಿಲ್ದಾಣ, ಮೇಲೆ ಬರಲು ಲಿಫ್ಟ್ ಇಲ್ಲ. ಎರಡು ದೊಡ್ಡ ಸೂಟ್‌ಕೇಸ್ ಇದ್ದರೆ ಸೊಂಟ ಉಳಿಯುವುದಿಲ್ಲ. ಗ್ರೀನ್, ಪಿಂಕ್ ಲೈನ್‌ಗಳಲ್ಲೂ ಕ್ಲಿಂಟನ್ ಎಂಬ ನಿಲ್ದಾಣ ಇದೆ, ಅದು ಬೇರೆ. ನಕ್ಷೆಯಲ್ಲಿ ಹೆಸರು ನೋಡಿ ಮೋಸ ಹೋಗಬೇಡಿ.

ನನ್ನ ಅಭಿಪ್ರಾಯ ಕೇಳಿದರೆ, ಬೆಂಗಳೂರಿನಿಂದ ಇಡೀ ದಿನ ಹಾರಿ ಬಂದ ವಿದ್ಯಾರ್ಥಿ ಅದೇ ದಿನ ರೈಲಿನ ಸಾಹಸ ಮಾಡುವುದು ಬೇಡ. ಓಹೇರ್‌ನಿಂದಲೇ ಶಾಂಪೇನ್‌ಗೆ ನೇರ ಬಸ್ ಇದೆ, ಅದನ್ನು ಹತ್ತಿ ನಿದ್ದೆ ಮಾಡಿ. ರೈಲಿನಲ್ಲೇ ಹೋಗುತ್ತೇನೆ ಅಂದರೆ ವಿಮಾನ ಇಳಿಯುವುದಕ್ಕೂ ರೈಲು ಹೊರಡುವುದಕ್ಕೂ ನಡುವೆ ಕನಿಷ್ಠ ನಾಲ್ಕು ಗಂಟೆ ಬಿಡಿ. ಇಮಿಗ್ರೇಷನ್ ಸಾಲು ಎಷ್ಟು ಉದ್ದ ಇರುತ್ತದೋ ದೇವರಿಗೇ ಗೊತ್ತು. ರೈಲು ತಪ್ಪಿದರೆ ರಾತ್ರಿ ಸ್ಟೇಷನ್‌ನಲ್ಲೇ ಮಲಗಿದರಾಯಿತು ಎಂಬ ನಮ್ಮೂರಿನ ಧೈರ್ಯ ಇಲ್ಲಿ ಬೇಡ.

5. ಲಗೇಜು

ಒಬ್ಬರಿಗೆ ಎರಡು ಚೀಲ, ಒಂದೊಂದು 50 ಪೌಂಡ್ ಅಂದರೆ ಸುಮಾರು 23 ಕಿಲೋ, ಅಳತೆ 28, 22, 14 ಇಂಚಿನೊಳಗೆ. ಜೊತೆಗೆ ಸಣ್ಣ ಕೈಚೀಲ. ಊರಿಂದ ತಂದ 23 ಕಿಲೋ ಸೂಟ್‌ಕೇಸ್ ಸಾಮಾನ್ಯವಾಗಿ ಇದರೊಳಗೇ ಬರುತ್ತದೆ. ಆದರೆ ಹತ್ತಿಸುವವರು ನೀವೇ. ಸಣ್ಣ ಊರುಗಳಲ್ಲಿ ರೈಲು ನಿಲ್ಲುವುದು ಒಂದೆರಡು ನಿಮಿಷ.

ಯೂನಿಯನ್ ಸ್ಟೇಷನ್‌ನಲ್ಲಿ ರೆಡ್‌ಕ್ಯಾಪ್ ಎನ್ನುವವರಿದ್ದಾರೆ. ಕೆಂಪು ಟೋಪಿಯ ಹಮಾಲಿಗಳು ಅಂದುಕೊಳ್ಳಿ, ಆದರೆ ಸಂಸ್ಥೆಯ ನೌಕರರೇ. ಆಮ್‌ಟ್ರ್ಯಾಕ್ ಟಿಕೆಟ್ ಇದ್ದವರಿಗೆ ಸೇವೆ ಉಚಿತ, ಕೈಗೆ ಟಿಪ್ಸ್ ಕೊಡುವುದು ವಾಡಿಕೆ. ಮಂಡಿ ನೋವಿನ ಅಮ್ಮನನ್ನು ಬ್ಯಾಟರಿ ಗಾಡಿಯಲ್ಲಿ ಕೂರಿಸಿಕೊಂಡು ಬೋಗಿಯ ತನಕ ಬಿಡುತ್ತಾರೆ, ಅದೂ ಎಲ್ಲರಿಗಿಂತ ಮೊದಲು. ವಯಸ್ಸಾದವರನ್ನು ಕಳಿಸುವವರು ಇದನ್ನು ಕೇಳದೆ ಬಿಡಬೇಡಿ. ವೀಲ್‌ಚೇರ್ ಬೇಕಿದ್ದರೆ ಟಿಕೆಟ್ ತೆಗೆಯುವಾಗಲೇ ಗುರುತು ಹಾಕಿ.

6. ಹತ್ತುವುದು, ಕೂರುವುದು

ಮುಕ್ಕಾಲು ಗಂಟೆ ಮುಂಚೆ ಅಲ್ಲಿರಿ. ರಾಜ್ಯದೊಳಗಿನ ರೈಲುಗಳು ದಕ್ಷಿಣ ಬದಿಯ ಗೇಟುಗಳಿಂದ ಹೊರಡುತ್ತವೆ, ಮಿಲ್ವಾಕಿ ಕಡೆಯವು ಉತ್ತರ ಬದಿಯಿಂದ. ಯಾವ ಗೇಟು ಅನ್ನುವುದು ಹೊರಡುವ ಸ್ವಲ್ಪ ಮುಂಚೆಯಷ್ಟೇ ಬೋರ್ಡಿನಲ್ಲಿ ಬರುತ್ತದೆ. ಮೊದಲೇ ಪ್ಲಾಟ್‌ಫಾರ್ಮಿಗೆ ಇಳಿದು ಕಾಯಲು ಬಿಡುವುದಿಲ್ಲ, ಬೀಳ್ಕೊಡಲು ಬಂದವರೂ ಗೇಟಿನ ತನಕ ಮಾತ್ರ. ಹೊರಡುವ ಕೆಲವು ನಿಮಿಷ ಮೊದಲೇ ಗೇಟು ಮುಚ್ಚುತ್ತಾರೆ. ಓಡುವ ರೈಲಿನ ಬಾಗಿಲು ಹಿಡಿದು ಹತ್ತುವ ವಿದ್ಯೆಗೆ ಇಲ್ಲಿ ಬೆಲೆ ಇಲ್ಲ.

ಹತ್ತುವಾಗ ಎಲ್ಲಿಗೆ ಅಂತ ಕೇಳುತ್ತಾರೆ, ಊರಿನ ಪ್ರಕಾರ ಬೋಗಿ ತೋರಿಸುತ್ತಾರೆ. ಈ ಬೋಗಿ ಖಾಲಿ ಇದೆ, ಆ ಕಿಟಕಿ ಚೆನ್ನಾಗಿದೆ ಅಂತ ಬೇರೆ ಕಡೆ ಹೋಗಿ ಕೂರಬೇಡಿ. ಸಣ್ಣ ನಿಲ್ದಾಣಗಳಲ್ಲಿ ಎಲ್ಲ ಬಾಗಿಲೂ ತೆರೆಯುವುದಿಲ್ಲ, ಒಂದೋ ಎರಡೋ ಅಷ್ಟೇ. ನಿಮ್ಮ ಊರಿನವರನ್ನು ಒಂದೇ ಕಡೆ ಕೂರಿಸುವುದು ಅದಕ್ಕೇ.

ರೈಲು ಹೊರಟ ಮೇಲೆ ಕಂಡಕ್ಟರ್, ನಮ್ಮ ಟಿ.ಸಿ. ಇದ್ದ ಹಾಗೆ, ಬಂದು ಫೋನಿನ ಟಿಕೆಟ್ ಸ್ಕ್ಯಾನ್ ಮಾಡುತ್ತಾರೆ. ಆಮೇಲೆ ಕಿರುಬೆರಳಿನುದ್ದದ ಒಂದು ಕಾಗದದ ಚೂರಿನ ಮೇಲೆ ಪೆನ್ನಿನಲ್ಲಿ ನಿಮ್ಮ ಊರಿನ ಮೂರಕ್ಷರ ಗೀಚಿ ತಲೆಯ ಮೇಲಿನ ಪಟ್ಟಿಗೆ ಸಿಕ್ಕಿಸಿ ಹೋಗುತ್ತಾರೆ. ಇದು ಸೀಟ್ ಚೆಕ್. ಅದೇನೋ ಕಸ ಅಂತ ತೆಗೆದು ಎಸೆಯಬೇಡಿ. ಯಾರು ಎಲ್ಲಿ ಇಳಿಯುತ್ತಾರೆ ಅಂತ ಅವರು ನೆನಪಿಟ್ಟುಕೊಳ್ಳುವುದು ಆ ಚೂರು ನೋಡಿಯೇ. ಸೀಟು ಬದಲಿಸಿದರೆ ಚೂರನ್ನೂ ಜೊತೆಗೆ ಒಯ್ಯಿರಿ.

18 ದಾಟಿದವರು ಫೋಟೊ ಇರುವ ಗುರುತಿನ ಪತ್ರ ಇಟ್ಟುಕೊಂಡಿರಬೇಕು. ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ. ಫೋನ್ ಬ್ಯಾಟರಿ ಮುಗಿದರೆ ಅಂತ ಭಯ ಇರುವ ಹಿರಿಯರಿಗೆ ಟಿಕೆಟ್ ಪ್ರಿಂಟ್ ಮಾಡಿ ಕೊಡಿ, ಅದೂ ಆಗುತ್ತದೆ.

7. ಊಟ

ಮದ್ದೂರಿನಲ್ಲಿ ವಡೆ ಬಂದ ಹಾಗೆ ಇಲ್ಲಿ ಯಾವ ನಿಲ್ದಾಣದಲ್ಲೂ ಏನೂ ಬರುವುದಿಲ್ಲ. ರೈಲಿನಲ್ಲಿ ಕೆಫೆ ಬೋಗಿ ಇರುತ್ತದೆ. ಸಸ್ಯಾಹಾರಿಗಳಿಗೆ ಅಲ್ಲಿ ಬ್ರೆಡ್ಡು, ಚೀಸು, ಚಿಪ್ಸು. ಚಿತ್ರಾನ್ನವೋ ಚಪಾತಿಯೋ ಕಟ್ಟಿಕೊಂಡು ಹೋಗಿ, ಸೀಟಿನಲ್ಲೇ ಕೂತು ತಿನ್ನಬಹುದು, ಯಾರೂ ಏನೂ ಅನ್ನುವುದಿಲ್ಲ. ಬಿಸಿ ಮಾಡಿಕೊಡಿ ಅಂತ ಕೆಫೆಯಲ್ಲಿ ಕೇಳಬೇಡಿ.

8. ತಡವಾದರೆ

ತಡ ಆಗುತ್ತದೆ. ಹಳಿಗಳು ಆಮ್‌ಟ್ರ್ಯಾಕ್‌ನದ್ದಲ್ಲ, ಗೂಡ್ಸ್ ರೈಲು ಕಂಪನಿಗಳದ್ದು. ಶಾಂಪೇನ್ ದಾರಿ ಕೆನೆಡಿಯನ್ ನ್ಯಾಷನಲ್‌ನದು, ಕ್ವಿನ್ಸಿ ದಾರಿ ಬಿಎನ್‌ಎಸ್‌ಎಫ್‌ನದು, ಜೋಲಿಯಟ್ ದಾಟಿದ ಮೇಲೆ ಸ್ಪ್ರಿಂಗ್‌ಫೀಲ್ಡ್ ದಾರಿ ಬಹುಪಾಲು ಯೂನಿಯನ್ ಪೆಸಿಫಿಕ್‌ನದು. ಪ್ರಯಾಣಿಕರ ರೈಲಿಗೆ ಮೊದಲು ದಾರಿ ಬಿಡಬೇಕು ಅಂತ ಕಾನೂನು ಇದೆ. ಆದರೂ ಮೈಲುದ್ದದ ಗೂಡ್ಸ್ ಎದುರು ನಿಂತಿದ್ದಾಗ ಕಾನೂನು ಏನು ಮಾಡುತ್ತದೆ? ಜೋಳದ ಹೊಲದ ಮಧ್ಯೆ ಸುಮ್ನೆ ನಿಂತಿರಬೇಕು.

ಆ್ಯಪ್‌ನಲ್ಲಿ ರೈಲು ಎಲ್ಲಿದೆ ಅಂತ ನೋಡಬಹುದು. ಇಲ್ಲೂ ಒಂದು ಬಲೆ. 40 ನಿಮಿಷ ತಡ ಎಂದು ತೋರಿಸಿದರೆ ಮನೆಯಲ್ಲೇ ಕಾಫಿ ಕುಡಿಯುತ್ತಾ ಕೂರಬೇಡಿ. ರೈಲು ದಾರಿಯಲ್ಲಿ ಹೊತ್ತು ಸರಿಮಾಡಿಕೊಳ್ಳಬಹುದು. ಮೊದಲು ಹೇಳಿದ ಸಮಯಕ್ಕೇ ನಿಲ್ದಾಣದಲ್ಲಿರಿ. ಡ್ವೈಟ್, ಗಿಲ್ಮನ್‌ನಂಥ ಸಣ್ಣ ನಿಲ್ದಾಣಗಳಲ್ಲಿ ಟಿಕೆಟ್ ಕೌಂಟರೇ ಇಲ್ಲ, ಕೇಳೋಣ ಅಂದರೆ ಜನ ಇರುವುದಿಲ್ಲ.

ಜನವರಿಯಲ್ಲಿ ಹೋಗುವವರು ಬೆಚ್ಚಗಿನ ಬಟ್ಟೆ ಚೀಲದೊಳಗಲ್ಲ, ಮೈಮೇಲೆ ಇಟ್ಟುಕೊಳ್ಳಿ. ಶಿಕಾಗೋ ಸುತ್ತ ಹಳಿ ಕವಲೊಡೆಯುವ ಕಡೆ ಬೆಂಕಿ ಉರಿಯುವುದು ಕಂಡರೆ ಗಾಬರಿಯಾಗಬೇಡಿ. ಕವಲು ಹಿಮಗಟ್ಟಿ ಅಂಟಿಕೊಳ್ಳದಿರಲಿ ಅಂತ ಗ್ಯಾಸ್ ಉರಿ ಹಚ್ಚಿರುತ್ತಾರೆ.

9. ಇಳಿದ ಮೇಲೆ

ಶಾಂಪೇನ್‌ನಲ್ಲಿ ಚಿಂತೆ ಇಲ್ಲ. ರೈಲು ನಿಲ್ಲುವ ಇಲಿನಾಯ್ ಟರ್ಮಿನಲ್‌ನಿಂದಲೇ ಕ್ಯಾಂಪಸ್ಸಿಗೆ ಊರ ಬಸ್ಸು. ಬ್ಲೂಮಿಂಗ್ಟನ್ ಎಂದು ಟಿಕೆಟ್ ತೆಗೆದರೂ ರೈಲು ನಿಲ್ಲುವುದು ಅವಳಿ ಊರಾದ ನಾರ್ಮಲ್‌ನಲ್ಲಿ, ಅಲ್ಲೂ ಬಸ್ಸಿದೆ. ಕ್ವಿನ್ಸಿ ನಿಲ್ದಾಣ ಪೇಟೆಯಿಂದ ದೂರ, ಇಳಿಯುವ ಮುಂಚೆಯೇ ಗಾಡಿಗೆ ಹೇಳಿಟ್ಟುಕೊಳ್ಳಿ. ಕಾರ್ಬನ್‌ಡೇಲ್‌ನಲ್ಲಿ ನಿಲ್ದಾಣ ಪೇಟೆ ನಡುವೆಯೇ, ಆದರೆ ಅಲ್ಲಿನ ಚೆಂದವೆಲ್ಲ ಶಾನೀ ಕಾಡಿನಲ್ಲಿ, ಕಾಡಿಗೆ ಹೋಗಲು ಕಾರೇ ಬೇಕು.

ಒಂದೇ ದಿನದಲ್ಲಿ ಹೋಗಿ ಬರುವವರಿಗೆ, ಅದರಲ್ಲೂ ಹಿರಿಯರಿಗೆ, ನಾನು ಹೇಳುವುದು ಸ್ಪ್ರಿಂಗ್‌ಫೀಲ್ಡ್. ಶಿಕಾಗೋದಿಂದ ಬೆಳಗಿನ ಮೊದಲ ರೈಲು, ಮೂರು ಗಂಟೆ ಮೇಲೆ ಸ್ವಲ್ಪ. ದಾರಿಯಲ್ಲಿ ಲಿಂಕನ್ ಎಂಬ ಸಣ್ಣ ಊರು ಬರುತ್ತದೆ. ಅದಕ್ಕೆ ಆ ಹೆಸರು ಬಿದ್ದದ್ದು 1853ರಲ್ಲಿ, ಅಬ್ರಹಾಂ ಲಿಂಕನ್ ಅಮೆರಿಕದ ಅಧ್ಯಕ್ಷರಾಗುವ ಎಷ್ಟೋ ಮೊದಲು. ರೈಲು ಹಳಿಯ ಜೊತೆಗೇ ಹುಟ್ಟಿದ ಆ ಊರಿನ ಕಾಗದ ಪತ್ರ ಮಾಡಿಕೊಟ್ಟ ವಕೀಲ ಅವರೇ. ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಅವರು 1844ರಿಂದ 1861ರವರೆಗೆ ಬಾಳಿದ ಮನೆ ನಡೆಯುವ ದೂರ. ಪ್ರವೇಶ ಉಚಿತ, ಆದರೆ ಪಕ್ಕದ ಸಂದರ್ಶಕರ ಕೇಂದ್ರದಲ್ಲಿ ಚೀಟಿ ತೆಗೆದುಕೊಳ್ಳಬೇಕು. ಮೊದಲು ಇದನ್ನು ಮುಗಿಸಿ, ಆಮೇಲೆ ದುಡ್ಡು ಕೊಟ್ಟು ನೋಡುವ ಲಿಂಕನ್ ವಸ್ತುಸಂಗ್ರಹಾಲಯ. ಮನ್ರೋ ರಸ್ತೆಯ ಹಳೆಯ ರೈಲು ನಿಲ್ದಾಣವನ್ನೂ ಬಿಡಬೇಡಿ. 1861ರ ಫೆಬ್ರವರಿ 11ರಂದು, 52 ತುಂಬುವ ಹಿಂದಿನ ದಿನ, ಊರವರಿಗೆ ನಾಲ್ಕು ಮಾತು ಹೇಳಿ ಲಿಂಕನ್ ರೈಲು ಹತ್ತಿ ವಾಷಿಂಗ್ಟನ್‌ಗೆ ಹೊರಟದ್ದು ಅಲ್ಲಿಂದ. 1865ರಲ್ಲಿ ಊರಿಗೆ ಮರಳಿದ್ದೂ ರೈಲಿನಲ್ಲೇ, ಶವಪೆಟ್ಟಿಗೆಯಲ್ಲಿ. ಸಮಾಧಿ ಊರಾಚೆ, ನಡೆಯುವುದು ಬೇಡ, ಟ್ಯಾಕ್ಸಿ ಮಾಡಿ.

ಶಿಕಾಗೋದಲ್ಲಿ ರೈಲಿಗೆ ಮೂರು ಗಂಟೆ ಉಳಿದಿದ್ದರೆ ಬೆಂಚಿನ ಮೇಲೆ ತೂಕಡಿಸುವ ಬದಲು ಆಡಮ್ಸ್ ರಸ್ತೆ ಹಿಡಿದು ಪೂರ್ವಕ್ಕೆ ನಡೆಯಿರಿ. ಹೊಳೆ ದಾಟಿ ನೇರ ಹೋದರೆ 20 ನಿಮಿಷದಲ್ಲಿ ಆರ್ಟ್ ಇನ್‌ಸ್ಟಿಟ್ಯೂಟ್ ಎದುರಿಗೇ ಬರುತ್ತದೆ. 1893ರ ಸೆಪ್ಟೆಂಬರ್ 11ರಂದು ಸ್ವಾಮಿ ವಿವೇಕಾನಂದರು ಮಾತಾಡಿದ್ದು ಇದೇ ಕಟ್ಟಡದಲ್ಲಿ. ಸೂಟ್‌ಕೇಸ್ ಎಳೆದುಕೊಂಡು ಹೋಗಬೇಡಿ ಮತ್ತೆ.

10. ಕರೆದುಕೊಂಡು ಹೋಗಲು ಬರುವವರಿಗೆ

ಯೂನಿಯನ್ ಸ್ಟೇಷನ್‌ಗೆ ಬಾಗಿಲುಗಳು ಹಲವು, ಒಂದೊಂದೂ ಒಂದೊಂದು ರಸ್ತೆಗೆ. ಹೊರಗೆ ಬಂದು ಫೋನ್ ಮಾಡಿ ಎಂದರೆ ಅಪ್ಪ ಒಂದು ಕಡೆ, ನೀವು ಇನ್ನೊಂದು ಕಡೆ, ಹಿಂದಿನಿಂದ ಹಾರ್ನು. ಅವರನ್ನು ಹೊರಗೆ ಬರಲೇ ಬಿಡಬೇಡಿ. ಗ್ರೇಟ್ ಹಾಲ್ ಎಲ್ಲಿ ಎಂದು ಯಾರನ್ನು ಕೇಳಿದರೂ ತೋರಿಸುತ್ತಾರೆ, ಗಾಜಿನ ಸೂರಿನ ದೊಡ್ಡ ಹಜಾರ ಅದು. ಅಲ್ಲಿನ ಉದ್ದದ ಮರದ ಬೆಂಚಿನ ಮೇಲೆ ಕೂತಿರಿ ಎಂದು ಹೇಳಿ, ಕಾರು ನಿಲ್ಲಿಸಿ ನೀವೇ ಒಳಗೆ ಹೋಗಿ.